ಅರ್ಧ ಸ್ವರ ಕೆಳಗೆ

ಹಾರ್ಮೋನಿಯಂ ರಿಪೇರಿಯವನ ಬಳಿ ಶ್ರುತಿ ನೋಡುವ ಯಾವ ಸಾಧನವೂ ಇರಲಿಲ್ಲ. ಮೂವತ್ತು ವರ್ಷ ಕಿವಿಯನ್ನೇ ನಂಬಿ ಕೆಲಸ ಮಾಡಿದ್ದ. ಈಗ ಸಂಗೀತದ ಮೇಡಂ ಅವನು ರಿಪೇರಿ ಮಾಡಿಕೊಟ್ಟಿದ್ದ ಎರಡು ಹಾರ್ಮೋನಿಯಂ ಪೆಟ್ಟಿಗೆಗಳನ್ನು ವಾಪಸ್ ತಂದು, ತಟ್ಟಿದರೆ ಸದಾ ಒಂದೇ ಸ್ವರ ಕೊಡುವ ಉಕ್ಕಿನ ಶ್ರುತಿಕವೆಯನ್ನು ಚೀಲದಿಂದ ತೆಗೆದರು.

"ಎಲ್ಲಾ ಅರ್ಧ ಸ್ವರ ಮೇಲಿದೆ. ಮಕ್ಕಳ ಗಂಟಲು ಕಿತ್ತು ಬರ್ತಿದೆ, ಯಜಮಾನ್ರೇ."

"ತಿದಿ ರಿಪೇರಿಗೆ ತಂದಾಗ್ಲೇ ಶ್ರುತಿ ಇಳಿದಿತ್ತು ಮೇಡಂ. ಒಳಗಿನ ಹಿತ್ತಾಳೆ ರೀಡು ಕೆರೆದು ಏರಿಸಿಕೊಟ್ಟೆ."

ಅವರು ಕವೆಯನ್ನು ಮೊಣಕಾಲಿಗೆ ತಟ್ಟಿ ಅವನ ಕಿವಿಯ ಬಳಿ ಹಿಡಿದರು. ಅದೂ ಅವನಿಗೆ ಅರ್ಧ ಸ್ವರ ಇಳಿದೇ ಕೇಳಿಸಿತು. ಉಕ್ಕಿನ ಕವೆ ತಾನಾಗಿ ಇಳಿಯುವುದಿಲ್ಲವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ನೀರು, ಮಾತ್ರೆ ತಂದಳು. ಮಿದುಳಿನ ನರಗಳು ಒಟ್ಟಿಗೇ ಸಿಡಿದೇಳದಂತೆ ಇದು ತಡೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ಶುರುವಾಗಿ ಮೂರು ವಾರ. ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಪೆಟ್ಟಿಗೆಗಳು ಇಳಿದಂತೆ ಕೇಳಿಸತೊಡಗಿದ್ದೂ ಆಗಿನಿಂದಲೇ.

"ಮಾತ್ರೆನ ಅದೇನು ಹಾಗೆ ನೋಡ್ತೀರಿ?" ಎಂದಳು ಹೆಂಡತಿ. "ಬಿಟ್ಟುಬಿಟ್ಟು, ಫಿಟ್ಸ್ ಬಂದು ಮತ್ತೆ ಒಲೆ ಮೇಲೆ ಬೀಳ್ಬೇಕಾ?"

"ಇಳಿದಿರೋದು ನನ್ನ ಕಿವಿ ಮೇಡಂ," ಎಂದು ಅವನು ಮಾತ್ರೆ ನುಂಗಿದ.

ಆ ಮೂರು ವಾರದಲ್ಲಿ ಎರಡೂ ಪೆಟ್ಟಿಗೆ ಸೇರಿ ಅವನು ಕೆರೆದಿದ್ದ ರೀಡುಗಳು ಎಂಬತ್ತನಾಲ್ಕು. ಎಂಬತ್ತನಾಲ್ಕೂ ಮೊದಲು ಸರಿಯಾಗಿಯೇ ಇದ್ದವು.