ಮಂಚ ತಿರುಗಿಸುವ ದಿನ

ಉತ್ತರ ದಿಕ್ಕು ಅಲೆದಾಡಲು ತೊಡಗಿದ ಮೇಲೆ ನಮ್ಮ ಓಣಿಯಲ್ಲಿ ಸೋಮವಾರವೆಂದರೆ ಮಂಚ ತಿರುಗಿಸುವ ದಿನ. ಉತ್ತರಕ್ಕೆ ತಲೆ ಹಾಕಿ ಮಲಗಬಾರದಲ್ಲ? ಬೆಳಿಗ್ಗೆ ರೇಡಿಯೊದವರು ದಿಕ್ಕು ಹೇಳುತ್ತಾರೆ, ನಾವು ಮಂಚ ಕಪಾಟುಗಳನ್ನು ಎಳೆದಾಡುತ್ತೇವೆ.

ಈ ವಾರ ಉತ್ತರವು ಶಾಂಭವಿಯ ತಲೆದಿಂಬಿನ ಕಡೆಗೇ ಬಂದಿತ್ತು. ಎಂಟು ವರ್ಷದ ನನ್ನ ಮಗಳು ಕಾಲು ಮುರಿದುಕೊಂಡು ಮೂರೇ ದಿನ. ಪ್ಲಾಸ್ಟರ್ ಹಾಕಿದ ಕಾಲನ್ನು ಮಂಚದ ಸರಳಿಗೆ ಎತ್ತಿ ಕಟ್ಟಿದ್ದಾರೆ, ಅವಳನ್ನು ತಿರುಗಿಸಿ ಮಲಗಿಸುವಂತಿಲ್ಲ.

“ಮಂಚಾನs ಮೆಲ್ಲಕ ತಿರುಗಸೂಣು, ಹಿಡಿ,” ಎಂದರು ಅತ್ತೆ. ಒಂದು ಗೇಣು ಸರಿಯುವಷ್ಟರಲ್ಲಿ ಮಗು ಚೀರಿತು.

“ಅಜ್ಜೀ, ನನ್ನ ಬ್ಯಾಡ! ಉತ್ತರಾನs ಆಕಡೆ ಸರಸು!”

ನಾನು ಕೈಬಿಟ್ಟೆ. “ಅತ್ತಿ, ಈ ವಾರ ಹಿಂಗs ಇರ್ಲಿ ಬಿಡ್ರಿ.”

“ಹೆಂಗ ಬಿಡ್ಲಿ? ಕೂಸಿನ ತಲಿ ಅದು!” ಅತ್ತೆ ಸಿಟ್ಟಿನಿಂದ ಹೊರಗೆ ಹೋದರು.

ಅನ್ನಕ್ಕಿಟ್ಟು ಬಂದು ನೋಡಿದರೆ, ತಲೆದಿಂಬಿಗೂ ಗೋಡೆಗೂ ನಡುವಿನ ಕಿರಿದಾದ ಜಾಗದಲ್ಲಿ ಅವರು ಚಾಪೆ ಹಾಸಿ ಅಡ್ಡಲಾಗಿ ಮಲಗಿದ್ದರು. ಶಾಂಭವಿಗೆ ಜೊಂಪು ಹತ್ತಿತ್ತು.

“ಇಲ್ಲ್ಯಾಕ ಮಲಗೀರಿ, ಅತ್ತಿ?”

“ಬರೂದು ಏನರ ಇದ್ರ ಮೊದಲ ನನ್ನ ದಾಟಿ ಬರಲಿ.”

ನಾನು ಕಪಾಟನ್ನು ತುಸು ಸರಿಸಿ, ಅವರಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟೆ.