ಒಂದು ಗುಡಿಸು

“ಗುಡಿಸು ಬಿಟ್ಟಿದ್ದು ನೀನು. ಹಾಕಿದ್ದು ನನ್ನ ತಪ್ಪಾ?”

ಅಡುಗೆಮನೆಯ ಮೇಜಿನ ಮೇಲೆ ಅಪ್ಪ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದು ಮಗಳ ಕೈಬರಹದ ಹಾಳೆ. ಇನ್ನೊಂದು ಭಾನುವಾರದ ಪುರವಣಿಯಲ್ಲಿ ಅಚ್ಚಾದ ಅವಳ ‘ಓವನ್ ಪಾಸ್ತಾ’ ಮಾಡುವ ವಿಧಾನ. ಹಾಳೆಯಲ್ಲಿ ‘ಬೇಯಿಸದ ಪಾಸ್ತಾ, ಕಾಲು ಕಿಲೋ’ ಎಂದಿತ್ತು. ಪತ್ರಿಕೆಯಲ್ಲಿ ‘ಬೇಯಿಸಿದ ಪಾಸ್ತಾ, ಕಾಲು ಕಿಲೋ’. ವ್ಯತ್ಯಾಸ ‘ಸ’ಕಾರದ ಮೇಲಿನ ಒಂದು ಗುಡಿಸು. ಕರಡಿನಲ್ಲಿ ಅದನ್ನು ಕೆಂಪು ಶಾಯಿಯಿಂದ ಹಾಕಿದವರು ಅದೇ ಪತ್ರಿಕೆಯಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದ ಅಪ್ಪ.

ಹನ್ನೊಂದು ಮಂದಿ ಓದುಗರು ಫೋನ್ ಮಾಡಿದ್ದರು. ಪಾಸ್ತಾ ಅಂಟಾಗಿದೆ, ಗೋಡೆಗೆ ಪೋಸ್ಟರ್ ಹಚ್ಚಬಹುದು ಎಂದು ಒಬ್ಬರು ಹೇಳಿದ್ದರು. ಸಂಜೆ ಐದರೊಳಗೆ ತಿದ್ದುಪಡಿ ಬರೆದು ತನ್ನಿ, ತಪ್ಪು ಯಾರದೆಂದು ತಿಳಿಸಿ ಎಂದು ಸಂಪಾದಕರ ಅಪ್ಪಣೆಯಾಗಿತ್ತು. ತಪ್ಪು ಬರೆದವಳದಾದರೆ, ಅವಳಿಗೆ ಕೊಡಬೇಕೆಂದಿದ್ದ ವಾರದ ಅಂಕಣ ಅಲ್ಲಿಗೆ ನಿಂತಂತೆ. ತಿದ್ದಿದವರದಾದರೆ, ಅಪ್ಪ ನೋಡಿದ ಪುಟಕ್ಕೆ ಇಂದಿನವರೆಗೆ ಒಂದು ತಿದ್ದುಪಡಿಯೂ ಬಂದಿಲ್ಲ ಎಂಬ ಮಾತು ಸುಳ್ಳಾದಂತೆ.

“ಬಿಟ್ಟಿಲ್ಲ ಅಪ್ಪ, ಬೇಕಂತಲೇ ಹಾಕಿಲ್ಲ. ಬೇಯಿಸದೇನೇ ಮಾಡೋದು ಅದನ್ನ,” ಎಂದಳು ಮಗಳು. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದವಳು ಇನ್ನೂ ಬಟ್ಟೆ ಬದಲಿಸಿರಲಿಲ್ಲ.

“ಎರಡನೇ ಕ್ಲಾಸಿಂದ ನೋಡ್ತಾ ಇದ್ದೀನಿ. ‘ಕಿಟಕಿ’ನ ‘ಕಟಕ’ ಅಂತ ಬರೀತಿದ್ದೋಳು ನೀನು.”

“ನಂಗೀಗ ಇಪ್ಪತ್ತೇಳು ವರ್ಷ ಅಪ್ಪ!”

“ರೀ, ಹೋದ ತಿಂಗಳು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರಲ್ಲ, ಅದೇ ಇದು,” ಎಂದರು ಅಮ್ಮ. “ಮಾಡೋವಾಗ ಒಂದು ದಿನ ಈ ಕಡೆ ತಲೆ ಹಾಕಿದ್ರೆ ಗೊತ್ತಾಗೋದು. ನೀವು ಬರೋದು ನನ್ನ ದಿನಸಿ ಚೀಟಿ ತಿದ್ದೋಕೆ ಮಾತ್ರ. ಸಕ್ಕರೆ ಹೊಡೆದು ಹಾಕ್ತೀರಿ, ನಾನು ಕೆಳಗೆ ಚುಕ್ಕಿ ಇಟ್ಟು ಉಳಿಸ್ಕೊಳ್ತೀನಿ.”

ಹೊಡೆದ ಮಾತಿನ ಕೆಳಗೆ ಸಾಲಾಗಿ ಚುಕ್ಕಿ ಇಟ್ಟರೆ ‘ಇದ್ದ ಹಾಗೇ ಇರಲಿ’ ಎಂದರ್ಥ. ಅಪ್ಪನ ವೃತ್ತಿಯಿಂದ ಅಮ್ಮ ಕಲಿತದ್ದು ಅದೊಂದನ್ನೇ.

ಅಪ್ಪ ಕನ್ನಡಕ ಏರಿಸಿಕೊಂಡರು. “ಸರಿ, ನಾನೇ ಮಾಡ್ತೀನಿ. ಹಾಳೆಯಲ್ಲಿ ಇರೋ ಹಾಗೆ, ಒಂದಕ್ಷರ ಬಿಡದೆ. ನೀವಿಬ್ರೂ ಬಾಯಿ ಹಾಕಬಾರದು.”

ಕರಡು ಓದುವಾಗ ಮಾಡುವಂತೆಯೇ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು, ಒಂದು ಸಾಲು ಮುಗಿದ ಮೇಲೆ ಅದನ್ನು ಕೆಳಕ್ಕೆ ಸರಿಸುತ್ತ ಅಪ್ಪ ಅಡುಗೆಗೆ ನಿಂತರು. ಆರು ಎಸಳು ಬೆಳ್ಳುಳ್ಳಿಯನ್ನು ಎರಡು ಸಲ ಎಣಿಸಿದರು. ಎರಡು ಕಪ್ ಟೊಮೆಟೊ ರಸ, ಒಂದೂವರೆ ಕಪ್ ಹಾಲು. ಅಳೆಯುವಾಗ ಬಗ್ಗಿ ಕಪ್ಪಿನ ಗೆರೆಗೆ ಕಣ್ಣು ಸಮ ಮಾಡಿಕೊಂಡರು. ‘ಉಪ್ಪು ರುಚಿಗೆ ತಕ್ಕಷ್ಟು’ ಎಂಬಲ್ಲಿ ಅಡಿಪಟ್ಟಿ ನಿಂತಿತು. “ತಕ್ಕಷ್ಟು ಅಂದ್ರೆ ಎಷ್ಟು? ಇದನ್ನ ಹೇಗೆ ಬಿಟ್ಟೆ ನಾನು?” ಎಂದು ಗೊಣಗಿದರು. ಬಾಯಿ ಹಾಕಬಾರದೆಂದು ಅಪ್ಪಣೆಯಾಗಿದ್ದರಿಂದ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹಸಿ ಪಾಸ್ತಾ ಜಲ್ಲಿಕಲ್ಲಿನ ಸದ್ದು ಮಾಡುತ್ತ ಗಾಜಿನ ಟ್ರೇಗೆ ಬಿತ್ತು. “ಇದು ಬೆಂದ ಹಾಗೇ,” ಎನ್ನುತ್ತ ಅಪ್ಪ ಅದರ ಮೇಲೆ ರಸ, ಹಾಲು ಸುರಿದು, ಅಂಚಿಗೆ ಬಿಗಿಯಾಗಿ ಫಾಯಿಲ್ ಸುತ್ತಿ ಓವನ್ನಿಗೆ ತಳ್ಳಿದರು.

ನೂರಾ ಎಂಬತ್ತು ಡಿಗ್ರಿ, ನಲವತ್ತು ನಿಮಿಷ. ಓವನ್ನಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತವರು ಏಳಲಿಲ್ಲ. ಫಾಯಿಲ್ ತೆಗೆದು, ಚೀಸ್ ಉದುರಿಸಿ, ಮತ್ತೆ ಹತ್ತು ನಿಮಿಷ.

ಟ್ರೇ ಹೊರಬಂದಾಗ ಚೀಸ್ ಅಂಚಿನಲ್ಲಿ ಕೆಂಪಗೆ ಗರಿಗರಿಯಾಗಿತ್ತು. ಅಪ್ಪ ಮೂಲೆಯಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು ಪಾಸ್ತಾ ಹೆಕ್ಕಿ ತಿಂದರು. ಮೂರೂ ಬೆಂದಿದ್ದವು. ಯಾವುದೂ ಮುದ್ದೆಯಾಗಿರಲಿಲ್ಲ. ತಳದಲ್ಲಿ ಒಂದು ಹನಿ ಹಾಲೂ ನಿಂತಿರಲಿಲ್ಲ.

ಮಗಳು ಅವರ ಮುಖವನ್ನೇ ನೋಡುತ್ತಿದ್ದಳು.

“ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ,” ಎಂದರು ಅಪ್ಪ. ಸಂಪಾದಕರ ಅಗ್ರಲೇಖನಕ್ಕೂ ಅವರು ಎಂದೂ ಹೇಳದ ಮಾತು ಅದು. ಆಮೇಲೆ ತಟ್ಟೆ ನೋಡುತ್ತ, “ನಿನ್ನ ಹೆಸರು ಮೊದಲನೇ ಸಲ ಅಚ್ಚಾಗ್ತಿದೆ, ತಪ್ಪಿರಬಾರದು ಅಂತ ನಾಲ್ಕು ಸಲ ಓದಿದೆ ಕಣೇ. ನಾಲ್ಕನೇ ಸಲ ಹಾಕಿದ್ದು ಆ ಗುಡಿಸು,” ಎಂದರು.

ಗಂಟೆ ನಾಲ್ಕಾಗಿತ್ತು. ಕೈ ಒರೆಸಿಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದು ಅಪ್ಪ ಬರೆದರು: ‘ಭಾನುವಾರದ ಪುರವಣಿಯ ಓವನ್ ಪಾಸ್ತಾದಲ್ಲಿ “ಬೇಯಿಸಿದ” ಎಂದಿರುವುದನ್ನು “ಬೇಯಿಸದ” ಎಂದು ಓದಿಕೊಳ್ಳಬೇಕು. ಲೇಖಕಿ ಬರೆದದ್ದು ಸರಿಯಾಗಿತ್ತು. ತಪ್ಪು ಕರಡು ತಿದ್ದಿದವರದು.’

ಮಗಳು ಓದಿದಳು. ಅವರ ಕೈಯಿಂದ ಪೆನ್ನು ತೆಗೆದುಕೊಂಡು ಕೊನೆಯ ವಾಕ್ಯವನ್ನು ಹೊಡೆದು ಹಾಕಿದಳು. “ಇಷ್ಟು ಸಾಕಪ್ಪ. ಅಚ್ಚಿನ ತಪ್ಪು ಅಂದ್ಕೊಳ್ತಾರೆ ಬಿಡಿ. ಮೂವತ್ತೊಂದು ವರ್ಷ ಸುಮ್ನೇನಾ?”

ಅಪ್ಪ ಪೆನ್ನು ವಾಪಸ್ ತೆಗೆದುಕೊಂಡರು. ಅವಳು ಹೊಡೆದ ವಾಕ್ಯದ ಕೆಳಗೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಒಂದೊಂದಾಗಿ ಕೆಂಪು ಚುಕ್ಕಿಗಳನ್ನಿಟ್ಟರು.