ಕೇಳಿದೆ ಅಂತ ಹೇಳು

ದಂತವೈದ್ಯರು ಖಾಲಿ ಕ್ಯಾನುಗಳನ್ನು ರಬ್ಬರ್ ದೋಣಿಗೆ ಹಾಕಿಕೊಂಡು ಕುಡಿಯುವ ನೀರು ತರಲು ದಡದ ಕಡೆ ಹೊರಟದ್ದೇ ತಡ, ಮಗಳು ಹಾಯಿದೋಣಿಯ ಕೆಳಗಿನ ಕೋಣೆಗೆ ಇಳಿದು ಅವರ ಹಾಸಿಗೆಯಡಿಯ ಖಾನೆಗೆ ಕೈ ಹಾಕಿದಳು. ಅವರು ಮರಳಲು ಅರ್ಧ ಗಂಟೆಯಾದರೂ ಬೇಕು. ಮೇಲೆ ಅಮ್ಮ ಹರಿದ ಹಾಯಿಯ ಅಂಚನ್ನು ತೊಡೆಯ ಮೇಲೆ ಹರವಿಕೊಂಡು, ದಪ್ಪ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು.

"ಪರಿಚಯದವರ ದೋಣಿ ಇದೆ. ಚಳಿಗಾಲದ ರಜೆಗೆ ಬೆಚ್ಚಗಿನ ಸಮುದ್ರದಲ್ಲಿ ಹತ್ತು ದಿನ ಸುತ್ತಾಡೋಣ, ನೀನೂ ಬಾ" ಎಂದು ಅಮ್ಮ ಕರೆದಾಗಲೇ ಮಗಳ ಕಿವಿ ನೆಟ್ಟಗಾಗಿತ್ತು. ಅವಳದು ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸ. ಮನೆ ಸುಟ್ಟುಹೋಯಿತೆಂದು ಅತ್ತವರ ಬೂದಿಯನ್ನೂ ಕೆದಕಿ ನೋಡುವವಳು. ಅಪ್ಪ ಹೋಗಿ ಆರು ವರ್ಷ. ಅಮ್ಮನ ಹೆಸರಿನಲ್ಲಿ ಒಂದು ಮನೆ. ದೋಣಿಯ ಒಡೆಯನಾದ ಈ ದಂತವೈದ್ಯನಿಗೋ, ಅಮ್ಮನ ಚಹಾಕ್ಕೆ ಸಕ್ಕರೆ ಬೇಡವೆಂಬುದು ಕೇಳದೆಯೇ ಗೊತ್ತು. ನೋಯುವುದು ಬಲಗಾಲಿನ ಮಂಡಿ ಎಂದೂ ಗೊತ್ತು. ನಿನ್ನೆ ಲಂಗರು ಇಳಿಸುತ್ತಾ, "ನಿಮ್ಮ ಮಹಡಿ ಸೋರೋದು ನಿಂತಿತಾ?" ಎಂದು ಬೇರೆ ಕೇಳಿದ್ದ. ಮನೆ ಸೋರುತ್ತಿತ್ತೆಂಬುದು ಮಗಳಿಗೇ ಗೊತ್ತಿರಲಿಲ್ಲ. ಎಲ್ಲ ವಿಚಾರಿಸಿಕೊಂಡೇ ಬಲೆ ಬೀಸಿದ್ದಾನೆ ಎಂದುಕೊಂಡಳು.

ಖಾನೆಯಲ್ಲಿ ಟಾರ್ಚು, ಹಗ್ಗದ ಸುರುಳಿ, ಮಡಿಸಿದ ನಕ್ಷೆಗಳು. ಅವುಗಳ ಹಿಂದೆ ಒಂದು ಬಟ್ಟೆಚೀಲ. ಅದರೊಳಗೆ ಹೆಂಗಸರ ತೆಳು ಶಾಲು, ನರೆಗೂದಲು ಸಿಕ್ಕಿಕೊಂಡಿದ್ದ ಕ್ಲಿಪ್ಪು, ಮುರಿದ ಕಡ್ಡಿಗೆ ಕಪ್ಪು ದಾರ ಸುತ್ತಿದ ಕನ್ನಡಕ. ಹೆಂಡತಿ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ದೋಣಿ ಕೊಂಡದ್ದು ಆಮೇಲೆ ಎಂದು ಅವನೇ ಹೇಳಿದ್ದ. ನಿಜ ಹೇಳಬೇಕೆಂದರೆ, ಮಗಳಿಗೆ ಒಳಗೊಳಗೇ ಸಮಾಧಾನವೇ ಆಯಿತು. ಕಳ್ಳ ಸಿಕ್ಕಿಬಿದ್ದಿದ್ದ.

ಮೇಲೆ ಬಂದು ಚೀಲವನ್ನು ಅಮ್ಮನ ಮುಂದೆ ಸುರಿದಳು.

"ನೋಡಮ್ಮ, ನಿನ್ನ ಡಾಕ್ಟರ ಯೋಗ್ಯತೆ. ನಿನಗಿಂತ ಮುಂಚೆ ಇಲ್ಲಿ ಇನ್ನೊಬ್ಬಳು ಇದ್ದಳು. ಹೆಚ್ಚುಕಮ್ಮಿ ನಿನ್ನ ವಯಸ್ಸಿನವಳೇ. ಅವಳ ಮನೆ ಈಗ ಯಾರ ಹೆಸರಲ್ಲಿದೆಯೋ."

ಅಮ್ಮ ಆ ಸಾಮಾನುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಕನ್ನಡಕವನ್ನು ಎತ್ತಿಕೊಂಡು ಶಾಲಿನ ತುದಿಯಲ್ಲಿ ಒರೆಸಿ ಮೂಗಿಗೇರಿಸಿದಳು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು.

"ಹೋದ ವರ್ಷದಿಂದ ಹುಡುಕ್ತಿದ್ದೆ ಇದನ್ನ" ಎಂದಳು.

ಮಗಳು ಅಲ್ಲೇ ಹಲಗೆಯ ಮೇಲೆ ಕೂತಳು. "ಹೋದ ವರ್ಷ ನೀನು ದೊಡ್ಡಮ್ಮನ ಮನೇಲಿದ್ದೆ."

"ಇಲ್ಲಿದ್ದೆ. ಅದರ ಹಿಂದಿನ ವರ್ಷಾನೂ ಇಲ್ಲೇ. ಇದು ನಾಲ್ಕನೇದು."

ಪ್ರತಿ ಚಳಿಗಾಲವೂ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: ಚಳಿಗೆ ಮಂಡಿ ಹಿಡಿದುಕೊಳ್ಳುತ್ತೆ, ಅಕ್ಕನ ಊರು ಬೆಚ್ಚಗಿದೆ, ಒಂದೂವರೆ ತಿಂಗಳು ಇದ್ದು ಬರ್ತೀನಿ. ಮಗಳು ಭಾನುವಾರಗಳಂದು ಅಮ್ಮನ ಮೊಬೈಲಿಗೆ ಫೋನ್ ಮಾಡಿ ನಾಲ್ಕು ಮಾತಾಡಿ, "ದೊಡ್ಡಮ್ಮನ್ನ ಕೇಳಿದೆ ಅಂತ ಹೇಳು" ಎಂದು ಇಟ್ಟುಬಿಡುತ್ತಿದ್ದಳು. ಅಮ್ಮ "ಹೇಳ್ತೀನಿ" ಅನ್ನುತ್ತಿದ್ದಳು.

"ಅಂದ್ರೆ ಇಷ್ಟು ವರ್ಷ ಸುಳ್ಳು ಹೇಳಿದೆ ನಂಗೆ."

"ಹೇಳಿದೆ. ತಪ್ಪೇ." ಅಮ್ಮ ಹಾಯಿಗೆ ಮೊದಲ ಹೊಲಿಗೆ ಹಾಕಿದಳು. "ಮೊದಲನೇ ಸಲ ನಾಚಿಕೆ ಆಯ್ತು. ಆಮೇಲೆ, ಹೇಳದಿದ್ರೂ ನಡೆದುಹೋಗ್ತಿತ್ತು. ಈ ಸಲ ಹೇಳಿಬಿಡೋಣ ಅಂತಲೇ ನಿನ್ನ ಕರ್ಕೊಂಡು ಬಂದೆ. ಬಂದ ದಿನದಿಂದ ನೀನು ಅವರ ಕಡೆ ನೋಡ್ತಿರೋ ರೀತಿ ಕಂಡು ಬಾಯೇ ಬರಲಿಲ್ಲ."

ಮಗಳಿಗೆ ನಂಬಿಕೆ ಹುಟ್ಟಲಿಲ್ಲ. ಹೀಗೆ ಮೋಸ ಹೋದವರು ಮೋಸಗಾರನ ಪರವಾಗಿಯೇ ಕತೆ ಕಟ್ಟುವುದನ್ನು ಅವಳು ಎಷ್ಟು ಫೈಲುಗಳಲ್ಲಿ ಕಂಡಿಲ್ಲ. ಹಳೆಯ ಕನ್ನಡಕ ಯಾರ ಕಣ್ಣಿಗೆ ಬೇಕಾದರೂ ಹೊಂದಬಹುದು.

"ಮೂರು ವರ್ಷ ದೊಡ್ಡಮ್ಮನೂ ಬಾಯಿ ಮುಚ್ಕೊಂಡಿದ್ರು ಅಂತ ನಾನು ನಂಬಬೇಕಾ?"

"ಕೇಳಿದ್ರೆ ತಾನೇ ಅವಳು ಹೇಳೋದು" ಅಂದಳು ಅಮ್ಮ. "ನಂಬಬೇಡ. ಈಗಲೇ ಫೋನ್ ಮಾಡಿ ಕೇಳು."

ಮಗಳು ಎದ್ದು ದೋಣಿಯ ಮೂತಿಯವರೆಗೆ ನಡೆದಳು. ಅಲ್ಲಿ ಸಿಗ್ನಲ್ ಸಿಗುತ್ತಿತ್ತು. ದೂರದಲ್ಲಿ ದಂತವೈದ್ಯರು ತುಂಬಿದ ಕ್ಯಾನುಗಳ ನಡುವೆ ಕೂತು, ಇತ್ತ ಬೆನ್ನು ಹಾಕಿ, ನಿಧಾನವಾಗಿ ಹುಟ್ಟು ಹಾಕುತ್ತಿದ್ದರು. ದೊಡ್ಡಮ್ಮನ ನಂಬರು ಹುಡುಕುವುದಕ್ಕೆ ತುಸು ಹೊತ್ತು ಹಿಡಿಯಿತು. ಇದ್ದದ್ದು ಆ ಮನೆಯ ಲ್ಯಾಂಡ್‌ಲೈನ್ ಒಂದೇ. ಬಹಳ ಹೊತ್ತು ರಿಂಗಾದ ಮೇಲೆ ಯಾರೋ ಹೆಂಗಸು ಎತ್ತಿದಳು. ಹಿಂದೆ ಮಗುವೊಂದು ಅಳುತ್ತಿತ್ತು.

"ದೊಡ್ಡಮ್ಮ ಇದ್ದಾರಾ?"

"ಯಾವ ದೊಡ್ಡಮ್ಮ?"

ಮಗಳು ವಿವರಿಸಿದಳು: ಆ ಮನೆಯ ಒಡತಿ, ವಯಸ್ಸಾದವರು, ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು.

"ಓ, ಅವರಾ. ಈ ಮನೆ ನಮಗೆ ಮಾರಿ, ಮಗನ ಊರಿಗೆ ಹೋಗಿ ಮೂರು ವರ್ಷ ಆಯ್ತಲ್ಲ." ಅವಳು ಮಗುವನ್ನು ಸುಮ್ಮನಿರಿಸಿದಳು. ಮತ್ತೆ ಕೇಳಿಸಿದ ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. "ನೀವು ಅವರಿಗೆ ಏನಾಗಬೇಕು?"